ಬಲಗಡೆ ಮನೆಯ ಖಾಲಿ ಪುಸ್ತಕ

ನಮ್ಮೂರಿನಲ್ಲಿ ಪ್ರತಿ ಮನೆಯಲ್ಲೂ ಎರಡು ಪುಸ್ತಕ ಇರುತ್ತವೆ. ಒಂದು ಎಡಗಡೆ ಮನೆಯವರು ಕೊಡುವ ಉಪದ್ರವ ಬರೆಯುವುದಕ್ಕೆ, ಇನ್ನೊಂದು ಬಲಗಡೆ ಮನೆಯವರದ್ದಕ್ಕೆ. ಪುಸ್ತಕ, ಶಾಯಿ ಎರಡನ್ನೂ ಉಪದ್ರವ ಕಚೇರಿಯವರೇ ಕೊಡುತ್ತಾರೆ. ಏನಾಯಿತು, ಯಾವಾಗ ಆಯಿತು ಎಂದು ಬರೆದು ಕೊನೆಗೆ ‘ಇದರಿಂದ ನನಗೆ ಉಪದ್ರವವಾಯಿತು’ ಎಂಬ ವಾಕ್ಯ ಸೇರಿಸಬೇಕು. ಬರೆದದ್ದು ನಿಜವಾಗಿದ್ದರೆ ಶಾಯಿ ಒಣಗುತ್ತದೆ. ಸುಳ್ಳಾಗಿದ್ದರೆ ಬೇಸಿಗೆಯ ಬಿಸಿಲಲ್ಲಿ ಮೂರು ದಿನ ಇಟ್ಟರೂ ಒಣಗುವುದಿಲ್ಲ. ಹಿಂದಿನ ಬೀದಿಯ ಒಬ್ಬ ಮಹಾಶಯ ಪಕ್ಕದ ಮನೆಯವನನ್ನು ಕಂಡರಾಗದೆ ಎರಡು ಪುಟ ಸುಳ್ಳು ಬರೆದು, ಮೇಲೆ ಪೌಡರ್ ಉದುರಿಸಿ, ಇಸ್ತ್ರಿ ಪೆಟ್ಟಿಗೆ ಒತ್ತಿ ಕಚೇರಿಗೆ ತೆಗೆದುಕೊಂಡು ಹೋಗಿದ್ದ. ಸಾಹೇಬರ ಮುಂದೆ ಪುಸ್ತಕ ಬಿಚ್ಚಿದಾಗ ಎರಡು ಪುಟದ ಶಾಯಿಯೂ ಅವನ ಬಿಳಿ ಪಂಚೆಯ ಮೇಲೆ ಸುರಿಯಿತು. ಆ ಪಂಚೆ ಈಗ ಅವನ ಮನೆಯಲ್ಲಿ ನೆಲ ಒರೆಸುವ ಬಟ್ಟೆಯಾಗಿದೆ.

ಊರು ಇದಕ್ಕೆಲ್ಲ ಒಗ್ಗಿಕೊಂಡಿದೆ. ಹೆಣ್ಣಿನ ಕಡೆಯವರು ಹುಡುಗನ ಜಾತಕ ಕೇಳುವ ಮೊದಲು ಅಕ್ಕಪಕ್ಕದ ಪುಸ್ತಕಗಳ ನಕಲು ಕೇಳುತ್ತಾರೆ. ಗೊರಕೆ ಮತ್ತು ಬಾಗಿಲು ದಡಾರನೆ ಹಾಕುವುದು, ಇವೆರಡೇ ಇದ್ದರೆ ಒಳ್ಳೆಯ ಸಂಬಂಧ ಎಂದು ಲೆಕ್ಕ. ಮಗು ಹುಟ್ಟಿದರೆ ಅದರ ಅಳು ಪಕ್ಕದವರ ಪುಸ್ತಕದಲ್ಲಿ ಒಣಗುವ ತನಕ ನಾಮಕರಣ ಇಲ್ಲ. ಏಳು ವರ್ಷಕ್ಕೊಮ್ಮೆ ತನಿಖೆ ನಡೆಯುತ್ತದೆ. ಆ ದಿನ ಸಾಹೇಬರು ಬೀದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಎಲ್ಲರ ಪುಸ್ತಕವನ್ನೂ ಗಟ್ಟಿಯಾಗಿ ಓದುತ್ತಾರೆ. ಉಪದ್ರವ ಜಾಸ್ತಿ ಇದ್ದವರು ಒಂದು ದಿನ ಕೆರೆ ಏರಿ ಗುಡಿಸಬೇಕು. ಅದೇನು ದೊಡ್ಡ ವಿಷಯವಲ್ಲ. ಮಾನವಂತರಿಗೆ ಶಿಕ್ಷೆ ಎಂದರೆ ಬೀದಿಯಲ್ಲಿ ಹೆಸರು ಓದಿಸಿಕೊಳ್ಳುವುದು.

ನನ್ನ ಹೆಸರು ಚೆಲುವಯ್ಯ. ಅಂಗಡಿಗಳಿಗೆ ಬೋರ್ಡು ಬರೆಯುವುದು ನನ್ನ ಕಸುಬು. ಊರಿನಲ್ಲಿ ದುಂಡಗೆ, ಸಾಲು ತಪ್ಪದಂತೆ ಬರೆದಿರುವ ಅಕ್ಷರ ಎಲ್ಲಿ ಕಂಡರೂ ಅದು ನನ್ನದೇ ಎಂದು ತಿಳಿಯಿರಿ. ಇಂಥ ಕೈ ಇರುವವನಿಗೆ ದೇವರು ಹನುಮೇಗೌಡನಂಥ ನೆರೆಯವನನ್ನು ಕೊಟ್ಟ. ಎಡಗಡೆ ಮನೆ ಅವನದು. ಬೆಳಗಿನ ಜಾವ ಕೂಗುವ ಹುಂಜ, ಹಜಾರದಲ್ಲಿ ಕೂತು ಮೂಗು ಸೀನುವುದು, ಒಗೆದ ಬಟ್ಟೆಯನ್ನು ನಮ್ಮ ಕಡೆಗೇ ಕೊಡವುವುದು, ಒಂದನ್ನೂ ಬಿಡದೆ ಗಂಟೆ ನಿಮಿಷದ ಸಮೇತ ಹನ್ನೊಂದು ಪುಸ್ತಕ ಬರೆದಿದ್ದೇನೆ. ಹುಂಜದ ಮೇಲೆಯೇ ಅರವತ್ತಮೂರು ಬರಹ ಇವೆ. ಕಳೆದ ತನಿಖೆಯಲ್ಲಿ ನನಗೆ ಶಾಲು ಹೊದಿಸಿದರು. ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ನನ್ನ ಪುಸ್ತಕ ತೋರಿಸಿದರು. ಆ ಶಾಲನ್ನು ನನ್ನ ಹೆಂಡತಿ ಸಾಕಮ್ಮ ರಾಗಿ ಡಬ್ಬಕ್ಕೆ ಮುಚ್ಚಿದ್ದಾಳೆ. ಹನುಮೇಗೌಡ ನನ್ನ ಮೇಲೆ ಬರೆಯುವುದು ವರ್ಷಕ್ಕೊಂದೇ ಸಾಲು: ‘ಜಗಲಿ ಮೇಲೆ ಕೂತು ನಮ್ಮನ್ನೇ ನೋಡ್ತಾರೆ.’ ಅದು ಒಣಗುತ್ತದೆ ಎನ್ನುವುದು ನಿಜ. ಆದರೆ ಅಕ್ಷರ ನೋಡಬೇಕು, ಕೋಳಿ ಕೆದಕಿದ ಹಾಗೆ.

ಉಪದ್ರವ ಬರೆಯಲು ನಾನು ಒಂದು ಪೆನ್ನು ಬೇರೆ ಇಟ್ಟಿದ್ದೇನೆ. ಅದಕ್ಕೆ ಹಿತ್ತಾಳೆ ಮುಚ್ಚಳ. ತೆಗೆದರೆ ಟಕ್ ಎನ್ನುತ್ತದೆ. ಆ ಸದ್ದು ಕೇಳಿದರೆ ನನಗೆ ಹುರುಪು.

ಬಲಗಡೆ ಮನೆ ನಮ್ಮ ಬೀದಿಯ ಕೊನೆಯದು. ಅದರಾಚೆ ಕೆರೆ. ಹಾಗಾಗಿ ಆ ಮನೆಗೆ ನೆರೆಯವನು ಎಂದರೆ ನಾನೊಬ್ಬನೇ. ಮೊದಲು ಅಲ್ಲಿ ಮೃದಂಗ ಕಲಿಯುವವನೊಬ್ಬ ಇದ್ದ. ಅವನ ಮೇಲೆ ನಾಲ್ಕು ಪುಸ್ತಕ ಬರೆದೆ. ತನಿಖೆಯ ದಿನ ಅದನ್ನು ಓದಿ ಮುಗಿಸುವ ಹೊತ್ತಿಗೆ ಅವನು ಮೃದಂಗವನ್ನು ಗೋಣಿಚೀಲಕ್ಕೆ ತುಂಬಿಕೊಂಡು ಊರು ಬಿಟ್ಟಿದ್ದ. ಆಮೇಲೆ ದಾಕ್ಷಾಯಿಣಮ್ಮ ಬಂದರು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು. ಅಷ್ಟು ವರ್ಷವೂ ಬೇರೆಯವರ ಮನೆಯ ಮೂಲೆಯ ರೂಮುಗಳಲ್ಲೇ ಕಳೆದು, ನಿವೃತ್ತಿಯಾದ ಮೇಲೆ ಸ್ವಂತದ್ದು ಎಂದು ಈ ಎರಡು ಕೋಣೆಯ ಮನೆ ಮಾಡಿಕೊಂಡಿದ್ದರು. ಏಳು ವರ್ಷದಲ್ಲಿ ಆ ಮನೆಯಿಂದ ಒಂದು ಪಾತ್ರೆ ಬಿದ್ದ ಸದ್ದು ಕೇಳಿಸಲಿಲ್ಲ. ಒಗ್ಗರಣೆಯ ಘಾಟು ಬರಲಿಲ್ಲ. ಗೋಡೆಗೆ ಕಿವಿ ಹಚ್ಚಿಯೂ ನೋಡಿದೆ, ಏನೂ ಇಲ್ಲ. ಬರೆಯುವವನಿಗೆ ಇದು ಸ್ವಲ್ಪ ಅವಮಾನವೇ. ಆದರೂ ಇಂಥ ನೆರೆ ಸಿಗಲು ಪುಣ್ಯ ಮಾಡಿರಬೇಕು ಎಂದು ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಈ ಸಲದ ತನಿಖೆಗೆ ಹದಿನೈದು ದಿನ ಮೊದಲು ಕಚೇರಿಯ ವೀರರಾಜು ಸಾಹೇಬರು ಪುಸ್ತಕ ಎಣಿಸಲು ಬಂದರು. ಹನುಮೇಗೌಡನ ಮೇಲಿನ ಹನ್ನೊಂದನ್ನೂ ಕೈಯಲ್ಲಿ ಎತ್ತಿ ನೋಡಿ “ಭೇಷ್” ಎಂದರು. ಆಮೇಲೆ ಬಲಗಡೆ ಮನೆಯ ಪುಸ್ತಕ ತೆರೆದು ಮೊದಲ ಪುಟದಿಂದ ಕೊನೆಯ ಪುಟಕ್ಕೆ, ಕೊನೆಯ ಪುಟದಿಂದ ಮೊದಲ ಪುಟಕ್ಕೆ ತಿರುವಿದರು.

“ಏನ್ರೀ ಇದು, ಒಂದ್ ಸಾಲೂ ಇಲ್ಲ?”

“ಅಷ್ಟು ಒಳ್ಳೇವ್ರು ಸ್ವಾಮಿ ಅವ್ರು.”

“ಒಳ್ಳೇವ್ರು ಕೆಟ್ಟೋರು ಅನ್ನೋದು ನಮ್ಮ ಕಚೇರಿಗೆ ಸಂಬಂಧ ಇಲ್ಲ. ಏಳು ವರ್ಷ ಒಂದು ಮನೆಯಿಂದ ಉಪದ್ರವ ಬಂದಿಲ್ಲ ಅಂದ್ರೆ ಆ ಮನೇಲಿ ಜನ ಇಲ್ಲ ಅಂತ. ಖಾಲಿ ಮನೆ ಅಂತ ಬರ್ಕೋಬೇಕಾಗತ್ತೆ. ಬೀಗ ಹಾಕಿ, ಮನೆ ಬೇಕು ಅಂತ ಪಟ್ಟೀಲಿರೋರಿಗೆ ಕೊಡಬೇಕು.”

ನಾನು ಜೊತೆಗೆ ಹೋದೆ. ಸಾಹೇಬರು ದಾಕ್ಷಾಯಿಣಮ್ಮನವರ ಬಾಗಿಲಿಗೆ ಅಂಟು ಬಳಿದು ನೋಟೀಸು ಹಚ್ಚತೊಡಗಿದರು. ಗಾಳಿಗೆ ಕಾಗದ ಮಡಚಿಕೊಳ್ಳುತ್ತಿತ್ತು. ದಾಕ್ಷಾಯಿಣಮ್ಮ ಒಳಗಿನಿಂದ ಬಂದು, ಏನೆಂದು ಕೇಳದೆ ಇನ್ನೊಂದು ತುದಿ ಹಿಡಿದುಕೊಂಡರು. ಹಚ್ಚಿದ ಮೇಲೆ ಓದಿದರು. ‘ಈ ಮನೆ ಖಾಲಿ ಇರುವುದಾಗಿ ಕಂಡುಬಂದಿದೆ.’

“ಸಾಹೇಬ್ರೇ, ನಾನಿದ್ದೀನಲ್ಲ” ಎಂದರು.

“ಇದ್ದೀರಮ್ಮ, ನಂಗೆ ಕಾಣಿಸ್ತಾ ಇದ್ದೀರಿ. ದಾಖಲೇಲಿ ಇಲ್ಲ. ಇನ್ನೂ ಹದಿನೈದು ದಿನ ಟೈಮಿದೆ. ಇವರ ಪುಸ್ತಕದಲ್ಲಿ ಒಂದೇ ಒಂದು ಉಪದ್ರವ ಒಣಗಿದ್ರೂ ಸಾಕು, ನೋಟೀಸು ಕಿತ್ತಾಕ್ತೀನಿ.”

ಆಕೆ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಸಾಹೇಬರು ಕುಡಿದು, ಸಕ್ಕರೆ ಒಂಚೂರು ಕಮ್ಮಿ ಹಾಕಬಹುದಿತ್ತು ಎಂದು ಹೇಳಿ, ಲೋಟವನ್ನು ಖಾಲಿ ಮನೆಯ ಹೊಸ್ತಿಲ ಮೇಲಿಟ್ಟು ಹೋದರು.

ಪಟ್ಟಿಯ ಮೊದಲ ಹೆಸರು ಯಾರದೆಂದು ಸಂಜೆಯೊಳಗೆ ತಿಳಿಯಿತು. ಮದುವೆ ಮೆರವಣಿಗೆಗೆ ಬಾರಿಸುವ ಬ್ಯಾಂಡ್‌ಸೆಟ್ಟಿನವರು. ಒಂಬತ್ತು ಜನ, ಅದರಲ್ಲಿ ನಾಲ್ವರದ್ದು ಊದುವ ವಾದ್ಯ. ಬೆಳಿಗ್ಗೆ ಐದಕ್ಕೇ ಅಭ್ಯಾಸ ಶುರುಮಾಡುತ್ತಾರಂತೆ.

“ನಿಮ್ಗೆ ಹಬ್ಬ ಅಲ್ವಾ” ಎಂದಳು ಸಾಕಮ್ಮ. “ದಿನಾ ಒಂದು ಪುಸ್ತಕ ತುಂಬಿಸ್ಬಹುದು. ಇನ್ನೊಂದು ಶಾಲು ಬಂದ್ರೆ ಗೋಧಿ ಡಬ್ಬಕ್ಕೂ ಆಗತ್ತೆ.”

ಸುಳ್ಳೇಕೆ ಹೇಳಲಿ, ಅರ್ಧ ದಿನ ನನಗೂ ಆ ಆಸೆ ಬಂತು. ಆಮೇಲೆ ನನ್ನ ಮಧ್ಯಾಹ್ನದ ನಿದ್ದೆ ನೆನಪಾಯಿತು. ದಾಕ್ಷಾಯಿಣಮ್ಮ ನೋಟೀಸಿನ ತುದಿ ಹಿಡಿದು ನಿಂತಿದ್ದದ್ದೂ ನೆನಪಾಯಿತು. ಆಕೆ ಮತ್ತೆ ಯಾರದೋ ಮನೆಯ ಮೂಲೆಯ ರೂಮಿಗೆ ಹೋಗಬೇಕೆಂದರೆ ನನಗೆ ಸಂಕಟವಾಯಿತು. ಮಾರನೆಯ ದಿನವೇ ಆಕೆಯ ಬಾಗಿಲಲ್ಲಿ ನಿಂತು ಹೇಳಿದೆ: “ನೀವೇನಾದ್ರೂ ಉಪದ್ರವ ಕೊಡಿ ಅಮ್ಮ. ನಾನ್ ಬರ್ಕೋತೀನಿ. ಒಂದೇ ಒಂದು.”

“ಏನು ಕೊಡಲಿ?” ಎಂದರು ಆಕೆ, ತಿಂಡಿ ಕೇಳಿದವರನ್ನು ವಿಚಾರಿಸುವಂತೆ.

ಕಸದಿಂದ ಶುರುಮಾಡುವುದು ಎಂದು ತೀರ್ಮಾನವಾಯಿತು. ಮರುದಿನ ಬೆಳಿಗ್ಗೆ ಮೊರ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. “ಚೆಲುವಯ್ಯನೋರೇ, ಹಾಕ್ಲಾ?” ಎಂದು ಕೇಳಿದರು. ಹಾಕಿ ಎಂದೆ. ಬಾಡಿದ ಸೇವಂತಿಗೆ ಹೂವು, ಒಂದು ಹಿಡಿ ಕೊತ್ತಂಬರಿ ದಂಟು, ಅಷ್ಟನ್ನೇ ಮೆಟ್ಟಿಲ ಮೇಲೆ ಮೆಲ್ಲಗೆ ಸುರಿದು “ಜಾರೀತು, ಜೋಪಾನ” ಎಂದು ಹೇಳಿ ಹೋದರು. ನಾನು ಪೆನ್ನು ತೆಗೆದು ಬರೆದೆ. ‘ಬೆಳಿಗ್ಗೆ ಏಳೂಕಾಲಿಗೆ ಬಲಗಡೆ ಮನೆಯವರು ನಮ್ಮ ಮೆಟ್ಟಿಲ ಮೇಲೆ ಕಸ ಸುರಿದರು.’ ಅದು ಒಣಗಿತು. ‘ಇದರಿಂದ ನನಗೆ ಉಪದ್ರವವಾಯಿತು.’ ಅದು ಒಣಗಲಿಲ್ಲ. ತಲೆ ಸುತ್ತುವವರೆಗೆ ಊದಿದೆ. ಬಿಸಿಲಿಗಿಟ್ಟೆ. ಮಧ್ಯಾಹ್ನವಾದರೂ ಆ ಸಾಲು ಈಗ ತಾನೇ ಬರೆದ ಹಾಗೆ ಹೊಳೆಯುತ್ತಲೇ ಇತ್ತು. ಆ ಪುಟವನ್ನೇ ಹರಿದು ಹಾಕಿದೆ.

ಸುದ್ದಿ ಕೇಳಿ ಹನುಮೇಗೌಡ ಬಂದ. ಉಪದ್ರವದ ವಿಷಯದಲ್ಲಿ ಅವನ ಮಾತಿಗೆ ಬೀದಿಯಲ್ಲಿ ಬೆಲೆ ಇದೆ. “ಕೇಳ್ಬಿಟ್ಟು ಮಾಡಿದ್ರೆ ಅದು ಉಪದ್ರವ ಅಲ್ಲ ದಾಕ್ಷಾಯಿಣಮ್ಮಾರೇ, ಉಪಕಾರ. ಉಪದ್ರವ ಕೊಡೋನಿಗೆ ತಾನ್ ಕೊಡ್ತಿದ್ದೀನಿ ಅನ್ನೋದೇ ಗೊತ್ತಿರ್ಬಾರ್ದು. ನನ್ ನೋಡಿ” ಎಂದ. ಸಹಾಯಕ್ಕೆಂದು ತನ್ನ ಹುಂಜವನ್ನೇ ತಂದು ಆಕೆಯ ಹಿತ್ತಿಲಲ್ಲಿ ಕಟ್ಟಿದ. ಆ ಹುಂಜ ಜಾಗ ಬದಲಾದ ಸಿಟ್ಟಿಗೆ ಬೆಳಿಗ್ಗೆ ಏಳರಿಂದ ಹನ್ನೊಂದು ಗಂಟೆಯವರೆಗೆ ಬಿಡದೆ ಕೂಗಿತು. ನನಗೆ ಮೈಯೆಲ್ಲ ಉರಿಯಿತು. ಸಂತೋಷದಿಂದ ಬರೆಯಲು ಕೂತೆ. ‘ದಾಕ್ಷಾಯಿಣಮ್ಮನವರ ಹುಂಜ ನಾಲ್ಕು ಗಂಟೆ ಕಾಲ ಕೂಗಿತು, ಇದರಿಂದ ನನಗೆ ಉಪದ್ರವವಾಯಿತು’ ಎಂದು ಬರೆದೆ. ಎಲ್ಲವೂ ಒಣಗಿತು, ‘ದಾಕ್ಷಾಯಿಣಮ್ಮನವರ’ ಎಂಬ ಒಂದು ಪದ ಬಿಟ್ಟು. ಆ ಪುಟವನ್ನೂ ಹರಿದೆ. ಆ ಹುಂಜ ಯಾರದ್ದೆಂದು ಶಾಯಿಗೂ ಗೊತ್ತಿತ್ತು.

ಏಳನೇ ದಿನ ಬೈಗುಳ ಪ್ರಯತ್ನಿಸಿದೆವು. ಹೆರಿಗೆ ವಾರ್ಡಿನಲ್ಲಿ ಹೆಂಗಸರು ನೋವು ತಡೆಯದೆ ಗಂಡಂದಿರನ್ನು ಬೈಯುವುದನ್ನು ಮೂವತ್ತು ವರ್ಷ ಕೇಳಿದವರಿಗೆ ಮಾತಿಗೇನು ಬರ. ನಾಲ್ಕು ಒಳ್ಳೆಯದನ್ನು ಆರಿಸಿ ಚೀಟಿಯಲ್ಲಿ ಬರೆದುಕೊಂಡು ಬಂದರು. ನಾನು ಜಗಲಿಯಲ್ಲಿ ಎದೆ ಮುಂದೆ ಮಾಡಿ ಕೂತೆ. “ನೀನೊಬ್ಬ ದರಿದ್ರದವನು” ಎಂದರು. ಚೀಟಿ ನೋಡಿಕೊಂಡರು. “ನಿನ್ನ ಕೈಗೆ ಕರಿನಾಗರ ಕಚ್ಚ.” ಮತ್ತೆ ಚೀಟಿ ನೋಡಿಕೊಂಡು, “ಇದು ಬೇಡ ಬಿಡಿ, ಬರೆಯೋ ಕೈ” ಎಂದರು. ಬಾಗಿಲಲ್ಲಿ ನಿಂತಿದ್ದ ಸಾಕಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ನನಗೂ ನಗು ಬಂದುಬಿಟ್ಟಿತು. ಅರ್ಧ ಗಂಟೆ ಬಿಟ್ಟು ಬೈದದ್ದಕ್ಕೆ ಎಂದು ಒಂದು ಚೊಂಬು ಮಜ್ಜಿಗೆ ಕಳಿಸಿದರು, ಕರಿಬೇವು ಹಾಕಿ. ಇದನ್ನೆಲ್ಲ ಬರೆದರೆ ಯಾವ ಶಾಯಿ ಒಣಗುತ್ತದೆ?

ಬೀದಿಯ ಜನ ನನ್ನನ್ನೇ ದೂರತೊಡಗಿದರು. ಹಾಲಿನ ಬೂತಿನಲ್ಲಿ ಒಬ್ಬ, “ಸೊಳ್ಳೆ ಹಾರಿದ್ರೆ ಬರ್ಕೊಳ್ಳೋ ಮನುಷ್ಯ, ಈಗ ಒಂದು ಸಾಲು ಬರೆಯೋಕೆ ಆಗಲ್ವಂತೆ” ಎಂದ. ಅವನ ಮಾತಿನಿಂದ ನನಗೆ ಚೆನ್ನಾಗಿಯೇ ಉಪದ್ರವವಾಯಿತು, ಬರೆದಿದ್ದರೆ ಕ್ಷಣದಲ್ಲಿ ಒಣಗುತ್ತಿತ್ತು. ಏನು ಮಾಡುವುದು, ಅವನ ಮನೆ ನನ್ನ ಪಕ್ಕದಲ್ಲಿಲ್ಲ. ಜಗತ್ತಿನಲ್ಲಿ ನನಗೆ ಕಿರಿಕಿರಿ ಮಾಡದ ಒಬ್ಬರೇ ಒಬ್ಬರು ಇದ್ದರು, ಅವರ ಮೇಲೆಯೇ ನಾನು ಬರೆಯಬೇಕಾಗಿತ್ತು. ಸಾಕಮ್ಮ ತನ್ನ ಕೈಯಿಂದ ಬರೆಯುತ್ತೇನೆ ಎಂದಳು. ಪುಸ್ತಕ ನನ್ನ ಹೆಸರಿನಲ್ಲಿರುವುದರಿಂದ ಅದಕ್ಕೂ ದಾರಿ ಇರಲಿಲ್ಲ.

ಹದಿನೈದನೇ ದಿನ ಬಂತು. ಹನ್ನೊಂದು ಗಂಟೆಗೆ ತನಿಖೆ. ಒಂಬತ್ತಕ್ಕೆ ನಾನು, ಏನೂ ತೋಚದೆ, ಕ್ಷಮೆ ಕೇಳೋಣ ಎಂದು ಆ ಮನೆಯ ಬಾಗಿಲಿಗೆ ಹೋದೆ. ದಾಕ್ಷಾಯಿಣಮ್ಮ ಒಂದು ಟ್ರಂಕು, ಎರಡು ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದರು.

“ಒಳಗೆ ಬನ್ನಿ” ಎಂದರು. “ಏಳು ವರ್ಷದಲ್ಲಿ ಒಂದ್ಸಲಾನೂ ಕರೀಲಿಲ್ಲ ನಿಮ್ಮನ್ನ.”

ಒಳಗೆ ನೆಲದ ಮೇಲೆ ಸುಣ್ಣದಲ್ಲಿ ಚೌಕಾಬಾರದ ಮನೆ ಬರೆದಿತ್ತು. ಪಕ್ಕದಲ್ಲಿ ನಾಲ್ಕು ಮಡಿಕೆಯ ಹಳೆಯ ಕಂಬಳಿ, ಅದರ ಮೇಲೆ ಕವಡೆ. ಆಟದ ಮನೆಗಳಲ್ಲಿ ಒಂದು ಕಡೆ ಹುಣಿಸೆ ಬೀಜ, ಇನ್ನೊಂದು ಕಡೆ ಬಳೆ ಚೂರು.

“ಕಂಬಳಿ ಯಾಕೆ?” ಎಂದೆ.

“ಕವಡೆ ಸದ್ದಾಗ್ಬಾರ್ದು ಅಂತ.”

“ಯಾರ ಜೊತೆ ಆಡ್ತೀರಿ?”

“ಒಬ್ಳೇ ಆಡ್ಕೋತೀನಿ. ಹುಣಿಸೆ ಬೀಜ ನಂದು. ಬಳೆ ಚೂರು ಚೆಲುವಯ್ಯ. ನೀವೇ.”

ನನಗೆ ಒಳಗೊಳಗೇ ಖುಷಿಯಾಯಿತು. ಪಾಪ, ಒಂಟಿ ಹೆಂಗಸು, ನನ್ನನ್ನು ಜೊತೆಗಾರನೆಂದು ಇಟ್ಟುಕೊಂಡಿದ್ದಾರೆ ಎಂದುಕೊಂಡೆ. “ನಾನು ಗೆಲ್ತೀನಾ?” ಎಂದು ಕೇಳಿದೆ.

“ಒಂದ್ಸಲಾನೂ ಇಲ್ಲ” ಎಂದರು.

ಆಮೇಲೆ ಕಪಾಟಿನಿಂದ ತಮ್ಮ ಪುಸ್ತಕ ತೆಗೆದರು. ಆಕೆಯ ಎಡಗಡೆ ಮನೆ ನನ್ನದು. ಅದು ನನ್ನ ಮೇಲಿನ ಪುಸ್ತಕ. “ಇವತ್ತು ಸಾಹೇಬ್ರು ಬೀದೀಲಿ ಓದ್ತಾರೆ. ನೀವು ಅವರ ಬಾಯಲ್ಲಿ ಮೊದಲನೇ ಸಲ ಕೇಳೋದು ಬೇಡ. ನಿಮ್ಮಂಥೋರಿಗೆ ಕಷ್ಟ ಆಗತ್ತೆ. ನಾನೇ ಓದ್ಬಿಡ್ತೀನಿ.”

“ಅದರಲ್ಲೇನಿರತ್ತಮ್ಮ, ಖಾಲಿ ಇರ್ಬೇಕಲ್ಲ” ಎಂದೆ. ನಾನು ಮನಃಪೂರ್ವಕವಾಗಿ ಹಾಗೇ ನಂಬಿದ್ದೆ. ಆಕೆ ಪುಸ್ತಕ ತೆರೆದರು. ಪುಟದ ಮೇಲೆ ಪುಟ ತುಂಬಿತ್ತು. ಸಣ್ಣ ಅಕ್ಷರ, ಎಲ್ಲವೂ ಒಣಗಿ ಕಪ್ಪಾಗಿತ್ತು.

“ಬಂದ ಎಂಟನೇ ದಿನ” ಎಂದು ಓದಿದರು. “ಆಸ್ಪತ್ರೆಯಲ್ಲಿ ಜೊತೆಗಿದ್ದ ರುದ್ರಾಣಿ, ಈರಮ್ಮ ಚೌಕಾಬಾರ ಆಡಲು ಬಂದರು. ಈರಮ್ಮನಿಗೆ ಬಾರ ಬಿತ್ತು, ಕೂಗಿದಳು. ಗೋಡೆಯ ಆ ಕಡೆ ಪೆನ್ನಿನ ಮುಚ್ಚಳ ಟಕ್ ಎಂದಿತು. ಮೃದಂಗದವನ ಕಥೆ ಕೇಳಿದ್ದೆವು. ಆಟ ನಿಲ್ಲಿಸಿದೆವು. ಇದರಿಂದ ನನಗೆ ಉಪದ್ರವವಾಯಿತು.”

ಆ ದಿನ ನಾನು ಬರೆದದ್ದು ಹನುಮೇಗೌಡನ ಮೇಲೆ ಇರಬೇಕು. ಈರಮ್ಮ ಕೂಗಿದ್ದು ನನಗೆ ಕೇಳಿಸಿಯೇ ಇರಲಿಲ್ಲ. ಇದನ್ನು ಹೇಳಲು ಬಾಯಿ ತೆರೆದೆ. ಆಕೆ ಪುಟ ತಿರುವಿದರು.

“ಮೂರನೇ ವರ್ಷ. ಮೂರು ದಿನದಿಂದ ಕೆಮ್ಮು. ದಿಂಬು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದೇನೆ. ಇವತ್ತು ಒಂದು ಸಲ ದಿಂಬು ಜಾರಿತು. ಟಕ್ ಎಂದಿತು. ಇದರಿಂದ ನನಗೆ ಉಪದ್ರವವಾಯಿತು.” ಇನ್ನೊಂದು ಪುಟ. “ಐದನೇ ವರ್ಷ. ಈರಮ್ಮ ತೀರಿಕೊಂಡಳೆಂದು ಸುದ್ದಿ ಬಂತು. ಪಕ್ಕದವರು ಜಗಲಿಯಲ್ಲೇ ಇದ್ದರು. ಕೆರೆ ಏರಿಗೆ ಹೋಗಿ ಅತ್ತು ಬಂದೆ. ಇದರಿಂದ ನನಗೆ ಉಪದ್ರವವಾಯಿತು.”

“ನಾನು ನಿಮ್ಮ ಮೇಲೆ ಒಂದಕ್ಷರ ಬರೆದಿಲ್ಲ” ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

“ಬರೆಯೋಕೆ ನಾನು ಬಿಟ್ರೆ ತಾನೇ.”

“ಒಂದ್ಮಾತು ಮೊದಲೇ ಹೇಳಬಾರದಿತ್ತಾ?”

“ಹೇಳಿದ್ರೆ ಬರ್ಕೊಳ್ತಿದ್ರಿ” ಎಂದರು ದಾಕ್ಷಾಯಿಣಮ್ಮ. ಪುಸ್ತಕ ಮುಚ್ಚಿ, ಟ್ರಂಕಿನ ಮೇಲಿಟ್ಟು, ಕಾಫಿ ಕುಡೀತೀರಾ ಎಂದು ಕೇಳಿದರು.

ನಾನು ಬೇಡ ಎನ್ನುವುದನ್ನೂ ಮರೆತು ಮನೆಗೆ ಬಂದೆ. ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ಊರಿಗೆಲ್ಲ ಈ ಹೆಂಗಸನ್ನು ಹೊಗಳಿದೆನಲ್ಲ, ಮಜ್ಜಿಗೆ ಕುಡಿದೆನಲ್ಲ, ಒಳಗೆ ಇಷ್ಟೆಲ್ಲ ಇಟ್ಟುಕೊಂಡಿದ್ದರಲ್ಲ. ಸಿ‌ಟ್ಟು ಜಾಸ್ತಿ ಹೊತ್ತು ನಿಲ್ಲಲಿಲ್ಲ. ಕೆರೆ ಏರಿ ನಮ್ಮ ಬೀದಿಯಿಂದ ಮುನ್ನೂರು ಹೆಜ್ಜೆ. ಅಷ್ಟು ದೂರ ಅಳುವನ್ನು ಬಾಯಲ್ಲಿ ಹಿಡಿದುಕೊಂಡು, ಜಗಲಿಯಲ್ಲಿ ಕೂತ ನನ್ನ ಮುಂದೆಯೇ ಹಾದುಹೋಗಿದ್ದರು. ನಾನು ಬಹುಶಃ ‘ವಾಕಿಂಗಾ ಅಮ್ಮ’ ಎಂದು ಕೇಳಿರುತ್ತೇನೆ. ನನಗೆ ಬಹಳ ನೋವಾಯಿತು. ಐವತ್ತೆಂಟು ವರ್ಷದಲ್ಲಿ ಅಷ್ಟು ನೋವಾದದ್ದು ನೆನಪಿಲ್ಲ.

ನೋವಾದಾಗ ನನಗೆ ಗೊತ್ತಿರುವುದು ಒಂದೇ ಕೆಲಸ. ಪೆನ್ನು ತೆಗೆದೆ. ಟಕ್ ಎಂದಿತು. ಆ ಸದ್ದಿಗೆ ಮೊದಲ ಸಲ ಬೆಚ್ಚಿಬಿದ್ದೆ. ಬಲಗಡೆ ಮನೆಯ ಪುಸ್ತಕದ ಮೊದಲ ಪುಟದಲ್ಲಿ ಬರೆದೆ: ‘ಇವತ್ತು ಬೆಳಿಗ್ಗೆ ಒಂಬತ್ತೂಕಾಲಿಗೆ ದಾಕ್ಷಾಯಿಣಮ್ಮನವರು ನನ್ನನ್ನು ಮನೆಯೊಳಗೆ ಕರೆದು, ನನ್ನ ಪಕ್ಕದಲ್ಲಿ ಏಳು ವರ್ಷ ಹೇಗೆ ಬದುಕಿದರು ಎಂಬುದನ್ನು ಓದಿ ಹೇಳಿದರು. ಇದರಿಂದ ನನಗೆ ಉಪದ್ರವವಾಯಿತು.’ ಅಕ್ಷರ ದುಂಡಗಿರಲಿಲ್ಲ. ಸಾಲು ಕೆಳಕ್ಕೆ ಜಾರಿತ್ತು. ಪುಸ್ತಕ ಹಾಗೇ ಬಿಟ್ಟು ತಲೆ ಮೇಲೆ ಕೈಹೊತ್ತು ಕೂತೆ.

ಸಾಕಮ್ಮ ಬಂದು ನಿಂತು ಓದಿದಳು. ಬೆರಳಿನಿಂದ ಕೊನೆಯ ಸಾಲನ್ನು ಮೆಲ್ಲಗೆ ಮುಟ್ಟಿದಳು. ಬೆರಳು ತಿರುಗಿಸಿ ನನಗೆ ತೋರಿಸಿದಳು. ಏನೂ ಅಂಟಿರಲಿಲ್ಲ.

“ಒಣಗಿದೆ ಕಣ್ರೀ” ಎಂದಳು.

ಹನ್ನೊಂದಕ್ಕೆ ವೀರರಾಜು ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತರು. ಬೀದಿ ತುಂಬ ಜನ. ನನ್ನ ಒಂದು ಸಾಲಿನ ಪುಸ್ತಕ ಓದಿ, ಶಾಯಿಯನ್ನು ಕರವಸ್ತ್ರದಿಂದ ಉಜ್ಜಿ ನೋಡಿ, “ಮನೇಲಿ ಜನ ಇದ್ದಾರೆ” ಎಂದು ಘೋಷಿಸಿ ಎದ್ದುಹೋಗಿ ನೋಟೀಸು ಕಿತ್ತರು. ದಾಕ್ಷಾಯಿಣಮ್ಮ ಬಾಗಿಲಿಗೆ ಅಂಟಿದ್ದ ಚೂರುಗಳನ್ನು ಉಗುರಿನಿಂದ ಕೆರೆಯುತ್ತ ನಿಂತರು. ಆಮೇಲೆ ಸಾಹೇಬರು ಆಕೆಯ ಪುಸ್ತಕ ಕೈಗೆತ್ತಿಕೊಂಡರು. ನೂರ ಹನ್ನೆರಡು ಬರಹ. ಹಾಜರಿ ಕರೆಯುವ ದನಿಯಲ್ಲಿ ಒಂದೂ ಬಿಡದೆ ಓದಿದರು. ಮೂವತ್ತನೆಯದಕ್ಕೆ ಬರುವ ಹೊತ್ತಿಗೆ ಬೀದಿಯ ಮಕ್ಕಳು ಕಲಿತುಬಿಟ್ಟಿದ್ದವು. ಸಾಹೇಬರು ‘ಮುಚ್ಚಳ’ ಎಂದ ತಕ್ಷಣ ಎಲ್ಲ ಸೇರಿ ಟಕ್ ಎನ್ನುತ್ತಿದ್ದವು. ಹಿಂದೊಮ್ಮೆ ನನ್ನ ಪುಸ್ತಕ ನೋಡಲು ಸಾಲಾಗಿ ಬಂದಿದ್ದ ಮಕ್ಕಳ ತಮ್ಮ ತಂಗಿಯರೇ ಇರಬೇಕು. ಈರಮ್ಮ ತೀರಿಕೊಂಡ ಸಾಲು ಬಂದಾಗ ಹನುಮೇಗೌಡ ನೆಲ ನೋಡುತ್ತ ನಿಂತಿದ್ದ. ನಾನು ಎಲ್ಲಿ ನೋಡಲಿ?

ಈ ಸಲದ ಶಾಲು ದಾಕ್ಷಾಯಿಣಮ್ಮನವರಿಗೆ ಹೋಯಿತು. ನನಗೆ ಕೆರೆ ಏರಿ. “ಅಣ್ಣ, ನಾಳೆ ಬುತ್ತಿ ಕಟ್ಕೊಂಡ್ ಬಾ, ಜೊತೇಗ್ ಹೋಗಾಣ” ಎಂದ ಹನುಮೇಗೌಡ. “ಪೊರಕೆ ಉದ್ದದ್ದು ತಗೋ, ಬೆನ್ನು ಹಿಡಿಯಲ್ಲ.” ಮಾರನೆಯ ದಿನ ಇಬ್ಬರೂ ಗುಡಿಸಿದೆವು. ಏರಿಯ ನಡುವೆ ನೀರಿನ ಕಡೆಗೆ ಮುಖ ಮಾಡಿದ ಒಂದು ಚಪ್ಪಡಿ ಕಲ್ಲು ಇದೆ. ಕೂತು ಅಳಬೇಕೆನ್ನುವವರು ಅಲ್ಲೇ ಕೂರಬೇಕು, ಬೇರೆ ಜಾಗವಿಲ್ಲ. ಅದನ್ನು ನಾನೇ ಗುಡಿಸಿದೆ, ಎರಡು ಸಲ.

ಅದಾದ ಮೂರನೇ ದಿನ ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಬಲಗಡೆ ಗೋಡೆಯಿಂದ ಗಲಗಲ ಸದ್ದು ಬಂತು. ಬರಿ ನೆಲದ ಮೇಲೆ ಕವಡೆ ಬಿದ್ದ ಸದ್ದು. ಹಿಂದೆಯೇ ಯಾರೋ “ಚೌಕ” ಎಂದು ಕೂಗಿದರು. ರುದ್ರಾಣಿ ಇರಬೇಕು, ಆಸ್ಪತ್ರೆಯ ಈ ತುದಿಯಿಂದ ಆ ತುದಿಗೆ ಕರೆಯುವ ಗಂಟಲು. ನಿದ್ದೆ ಹಾರಿಹೋಯಿತು. ಸಾಕಮ್ಮನನ್ನು ಕರೆದೆ. ಉತ್ತರವಿಲ್ಲ. ಆಗ ಗೋಡೆಯ ಆ ಕಡೆಯಿಂದಲೇ ಅವಳ ದನಿ ಕೇಳಿಸಿತು.

“ಚೆಲುವಯ್ಯನ್ನ ಹೊಡೀರಿ, ಬಿಡ್ಬೇಡಿ. ಇನ್ನೊಂದು ಮನೆ ಹೋದ್ರೆ ಕೈಗೆ ಸಿಗಲ್ಲ.”

ಕವಡೆ ಬಿತ್ತು. “ಸತ್ತ” ಎಂದು ದಾಕ್ಷಾಯಿಣಮ್ಮ ಕೂಗಿದರು. ಏಳು ವರ್ಷ ದಿಂಬಿನ ಹಿಂದೆ ಇದ್ದ ದನಿ ಅದು, ಇಷ್ಟು ದೊಡ್ಡದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮೂವರೂ ಬಿದ್ದು ಬಿದ್ದು ನಗತೊಡಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸಾಕಮ್ಮ.

ಎದ್ದು ಪುಸ್ತಕ ತೆಗೆದೆ. ಪೆನ್ನಿನ ಮುಚ್ಚಳವನ್ನು ಟವೆಲ್ಲಿನಲ್ಲಿ ಎರಡು ಸುತ್ತು ಸುತ್ತಿ, ಸದ್ದಾಗದಂತೆ ಮೆಲ್ಲಗೆ ಬಿಚ್ಚಿದೆ. ‘ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಬಲಗಡೆ ಮನೆಯಲ್ಲಿ ಚೌಕಾಬಾರ, ಕೂಗಾಟ. ನನ್ನನ್ನು ಹೊಡೆದು, ನನ್ನ ಹೆಂಡತಿಯನ್ನೂ ಸೇರಿಸಿಕೊಂಡು ನಕ್ಕರು. ಇದರಿಂದ ನನಗೆ ಉಪದ್ರವವಾಯಿತು.’ ಕೊನೆಯ ಸಾಲು ನೋಡುತ್ತಿದ್ದಂತೆಯೇ ಒಣಗಿತು. ಇನ್ನು ಏಳು ವರ್ಷ ಆ ಮನೆಯನ್ನು ಯಾರೂ ಖಾಲಿ ಎನ್ನುವಂತಿಲ್ಲ. ಟವೆಲ್ಲಿನೊಳಗೇ ಮುಚ್ಚಳ ಹಾಕಿ, ಮುಂದಿನ ಕವಡೆ ಬೀಳುವುದನ್ನು ಕೇಳುತ್ತ ಕೂತೆ.